ಸೋಂಕು ನಿಯಂತ್ರಣದಲ್ಲಿ ಪ್ರಯೋಗಾಲಯ ಗೆದ್ದಿತು, ಘಟಕ ಎಡವಿತು

ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ಮೇಲಿದ್ದ ನಮ್ಮ ಮಾವನವರ ಶ್ವಾಸಕೋಶಕ್ಕೆ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿತು. ಮೆರೋಪೆನೆಮ್‌ನಂತಹ ಪ್ರಬಲ ಔಷಧಕ್ಕೂ ಅದು ಬಗ್ಗಲಿಲ್ಲ.

ಪ್ರಯೋಗಾಲಯದ ಕೆಲಸ ನಿಜಕ್ಕೂ ಶ್ಲಾಘನೀಯ. ಕಫದ ಕಲ್ಚರ್ (ಕಫದಲ್ಲಿರುವ ಸೂಕ್ಷ್ಮಜೀವಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ವರದಿ ಬಂದೊಡನೆ ಸೂಕ್ಷ್ಮಜೀವಿ ತಜ್ಞರೇ ಘಟಕಕ್ಕೆ ಬಂದು, ಯಾವ ಔಷಧ ಕೆಲಸ ಮಾಡೀತು, ಯಾವುದು ಮಾಡದು ಎಂಬುದನ್ನು ನಮಗೂ ತಿಳಿಯುವಂತೆ ವಿವರಿಸಿದರು. ಕೊಲಿಸ್ಟಿನ್ ಎಂಬ ಬ್ಯಾಕ್ಟೀರಿಯಾ ನಿರೋಧಕ ಔಷಧ ಆರಂಭಿಸಿದ ಮೇಲೆ, ಅದು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದೆಂಬ ಕಾರಣಕ್ಕೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು ಪ್ರತಿದಿನವೂ ತಪ್ಪದೆ ಮಾಡಿದರು.

ಘಟಕದೊಳಗಿನ ಶಿಸ್ತಿನ ಬಗ್ಗೆ ಇದೇ ಮಾತು ಹೇಳಲಾರೆ. ಈ ಬ್ಯಾಕ್ಟೀರಿಯಾಗಳು ಔಷಧವನ್ನು ಒಡೆಯುವ ಕಿಣ್ವದ ವಂಶವಾಹಿಯನ್ನು ಪ್ಲಾಸ್ಮಿಡ್‌ಗಳೆಂಬ ಪುಟ್ಟ ಡಿಎನ್‌ಎ ಉಂಗುರಗಳ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು, ಸಿಬ್ಬಂದಿಯ ಕೈಗಳ ಮೂಲಕ ಹಾಸಿಗೆಯಿಂದ ಹಾಸಿಗೆಗೆ ಹರಡಬಲ್ಲವು. ಹೀಗಿದ್ದೂ ಹಾಸಿಗೆಯ ಪಕ್ಕದ ಕೈ ಶುಚಿ ದ್ರಾವಣದ ಬಾಟಲಿ ಹಲವು ಬಾರಿ ಖಾಲಿಯಿರುತ್ತಿತ್ತು, ವರದಿ ಬಂದ ಮೇಲೂ ಪ್ರತ್ಯೇಕ ಕೊಠಡಿಗೆ ವರ್ಗಾಯಿಸಲು ತಡಮಾಡಿದರು. ದಾದಿಯರನ್ನು ದೂರುವುದು ಅನ್ಯಾಯ, ಏಕೆಂದರೆ ರಾತ್ರಿ ಪಾಳಿಯಲ್ಲಿ ಒಬ್ಬರೇ ಹಲವು ರೋಗಿಗಳನ್ನು ನೋಡಿಕೊಳ್ಳಬೇಕಾಗಿತ್ತು. ಇದು ಆಡಳಿತದ ಹೊಣೆ.

ಊಟ, ಬಿಲ್ಲಿಂಗ್ ವ್ಯವಸ್ಥೆ ಸಾಧಾರಣವಾಗಿದ್ದವು.

ನನ್ನನ್ನು ಹೆಚ್ಚು ಕಾಡಿದ್ದು ಬಿಡುಗಡೆಯ ಸಾರಾಂಶ. ಅದರಲ್ಲಿ 'ನ್ಯುಮೋನಿಯಾ' ಎಂದಷ್ಟೇ ಇತ್ತು. ಇಂತಹ ಬ್ಯಾಕ್ಟೀರಿಯಾ ಗುಣವಾದ ರೋಗಿಯ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದಾದ್ದರಿಂದ, ಮುಂದಿನ ಆಸ್ಪತ್ರೆಗೆ ಅದರ ಹೆಸರೂ ಔಷಧ ನಿರೋಧಕತೆಯ ವಿವರವೂ ತಿಳಿಯಲೇಬೇಕು. ನಾವು ಕೇಳಿದ ಮೇಲೆ ಕಲ್ಚರ್ ವರದಿಯ ಪ್ರತಿ ಕೊಟ್ಟರು; ಈ ಆಸ್ಪತ್ರೆಯಲ್ಲಿ ದಾಖಲಾಗುವವರು ಅದನ್ನು ತಪ್ಪದೆ ಕೇಳಿ ಪಡೆಯಿರಿ. 5ರಲ್ಲಿ 3 ಅಂಕ.