ಕೊಲಂಬಿಯಾ ಹಡಗಿನ ಮರದ ಕಿಟ್: ಹಡಗು ಚೆನ್ನಾಗಿದೆ, ಪುಸ್ತಿಕೆ ಸಾಲದು

ಮರದಲ್ಲಿ ಮಾದರಿ ಹಡಗು ಕಟ್ಟುವ ಹುಚ್ಚು ಇರುವವರು, ಅದರಲ್ಲೂ ಮಕ್ಕಳಿಗೆ ಚರಿತ್ರೆ ಹೇಳಿಕೊಡುವವರು, ಈ ಕಿಟ್ ಧೈರ್ಯವಾಗಿ ತೆಗೆದುಕೊಳ್ಳಬಹುದು. ಆದರೆ ಪೆಟ್ಟಿಗೆಯೊಳಗಿನ ಪುಸ್ತಿಕೆ ನಂಬಿಕೊಂಡು ಕೂರಬೇಡಿ. ನಾನು ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ಪಾಠ ಮಾಡುವವನು. ಮಕ್ಕಳ ಜೊತೆ ಸೇರಿ ಕಟ್ಟೋಣ ಅಂತ ಆನ್‌ಲೈನಿನಲ್ಲಿ ತರಿಸಿದ್ದು. ಬೆಲೆ ಹತ್ತು ಸಾವಿರ ದಾಟುತ್ತದೆ, ಕಮ್ಮಿಯೇನಲ್ಲ.

ಹಡಗಿನ ಹೆಸರು ಕೊಲಂಬಿಯಾ ರೆಡಿವೈವಾ. 1787ರಲ್ಲಿ ಬಾಸ್ಟನ್ನಿನಿಂದ ಹೊರಟು, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ, ಈಗಿನ ಕೆನಡಾದ ಪಶ್ಚಿಮ ಕರಾವಳಿ ಸೇರಿ, ಅಲ್ಲಿ ಕಡಲ ನೀರುನಾಯಿಯ ತೊಗಲು ಕೊಂಡು, ಅದನ್ನು ಚೀನಾದ ಕ್ಯಾಂಟನ್ನಿನಲ್ಲಿ ಮಾರಿ, ಚಹಾ ತುಂಬಿಕೊಂಡು 1790ರ ಆಗಸ್ಟಿನಲ್ಲಿ ಊರಿಗೆ ಬಂದ ಹಡಗು ಇದು. ಭೂಮಿಗೆ ಒಂದು ಸುತ್ತು ಹಾಕಿದ ಮೊದಲ ಅಮೆರಿಕನ್ ಹಡಗು. ಇದರ ಜೊತೆ ಹೊರಟದ್ದು ಲೇಡಿ ವಾಷಿಂಗ್ಟನ್ ಎಂಬ ಸಣ್ಣ ಹಡಗು. ಜಾನ್ ಕೆಂಡ್ರಿಕ್ ಕೊಲಂಬಿಯಾದ ಕಪ್ತಾನ, ರಾಬರ್ಟ್ ಗ್ರೇ ಇನ್ನೊಂದರದು. 1789ರಲ್ಲಿ ಇಬ್ಬರೂ ಹಡಗು ಅದಲುಬದಲು ಮಾಡಿಕೊಂಡರು. ಹಾಗಾಗಿ ಕೊಲಂಬಿಯಾವನ್ನು ಭೂಮಿ ಸುತ್ತಿಸಿ ತಂದ ಹೆಸರು ಬಂದದ್ದು ಗ್ರೇಗೆ.

ಕಿಟ್‌ನ ಅಳತೆ ಒಂದಕ್ಕೆ ಎಪ್ಪತ್ತೈದು. ನಿಜವಾದ ಹಡಗು ಸುಮಾರು 83 ಅಡಿ ಉದ್ದ, 24 ಅಡಿ ಅಗಲ. ಮೇಜಿನ ಮೇಲಿನ ನಮ್ಮ ಹಡಗು ಒಂದು ಅಡಿಗಿಂತ ಸ್ವಲ್ಪ ಉದ್ದ. ನನಗೆ ತುಂಬಾ ಹಿಡಿಸಿದ್ದು ಇದೇ. ಒಳಗಿನ ಪಕ್ಕೆಲುಬುಗಳನ್ನು ಒಂದೊಂದಾಗಿ ನಿಲ್ಲಿಸುವಾಗ ಜಾಗ ಎಷ್ಟು ಇಕ್ಕಟ್ಟು ಅಂತ ಕೈಗೇ ತಿಳಿಯುತ್ತದೆ. 83 ಅಡಿ ಎಷ್ಟು ಅಂತ ಮಕ್ಕಳು ಶಾಲೆಯ ಜಗಲಿಯಲ್ಲಿ ಅಳೆದು ನೋಡಿದರು. ಜಗಲಿಯೇ ಅದಕ್ಕಿಂತ ಉದ್ದ! ಇಷ್ಟರಲ್ಲಿ ಸರಕು, ಕುಡಿಯುವ ನೀರು, ಉಪ್ಪು ಹಾಕಿದ ಮಾಂಸ, ಜನ, ಎಲ್ಲಾ ಸೇರಿ ಮೂರು ವರ್ಷ.

ಮರ ಒಳ್ಳೆಯದು. ಪಕ್ಕೆಲುಬುಗಳು ಲೇಸರಿನಲ್ಲಿ ಕತ್ತರಿಸಿದ ಪ್ಲೈವುಡ್, ಒಂದೂ ತಪ್ಪಿಲ್ಲದೆ ಕೂತುಕೊಂಡವು. ಹೊರಗಿನ ತೆಳು ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಬೇಕು, ಮೂತಿಯ ಹತ್ತಿರ ಅವಸರ ಮಾಡಿದರೆ ಸೀಳುತ್ತವೆ. ದೊಡ್ಡ ತಕರಾರು ದಾರದ್ದು. ಪೆಟ್ಟಿಗೆಯಲ್ಲಿ ಕೊಟ್ಟಿರುವುದು ಬರೀ ಹತ್ತಿ ದಾರ. ನಮ್ಮ ಮಳೆಗಾಲದಲ್ಲಿ ಬಿಗಿದು ಕಟ್ಟಿದ್ದೆಲ್ಲಾ ಬಿಸಿಲು ಬಂದ ಮೇಲೆ ಜೋಲು ಬಿತ್ತು, ಅರ್ಧದಷ್ಟು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಕಟ್ಟುವ ಮೊದಲು ದಾರಕ್ಕೆ ಜೇನುಮೇಣ ಚೆನ್ನಾಗಿ ಉಜ್ಜಿ. ಕರಾವಳಿಯವರು ಹಗ್ಗದ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳುವುದೇ ಒಳ್ಳೆಯದು. ಪ್ಲೈವುಡ್‌ಗೆ ಬೂಸ್ಟು ಹಿಡಿಯುವುದೂ ಬೇಗ, ಮೊದಲೇ ಒಂದು ಕೈ ವಾರ್ನಿಷ್ ಹೊಡೆದುಬಿಡಿ.

ಕೂವೆಗಳ, ಅಂದರೆ ಹಾಯಿ ಕಟ್ಟುವ ಕಂಬಗಳ, ಎರಡೂ ಬದಿಗೆ ಹಗ್ಗದ ಏಣಿ ಬರುತ್ತದೆ. ಅದರ ಪ್ರತಿ ಮೆಟ್ಟಿಲನ್ನೂ ನಿಂತ ಹಗ್ಗಗಳಿಗೆ ಗಂಟು ಹಾಕಿ ಕಟ್ಟಬೇಕು. ಪುಸ್ತಿಕೆಯ ಚಿತ್ರ ನೋಡಿದರೆ ತಲೆಬುಡ ಗೊತ್ತಾಗುವುದಿಲ್ಲ. ಕೊಯಿಪಾಡಿಯಿಂದ ಬರುವ ಒಬ್ಬ ಹುಡುಗ, "ಮಾಷ್ಟ್ರೇ, ಇದು ನಮ್ಮಜ್ಜ ಬಲೆಗೆ ಹಾಕುವ ಗಂಟೇ ಅಲ್ವಾ" ಅಂದ. ಬಲೆಯನ್ನು ಮೇಲಿನ ಹಗ್ಗಕ್ಕೆ ಸೇರಿಸುವಾಗ ಹಾಕುವ ಎರಡು ಸುತ್ತಿನ ಗಂಟು. ದಾರವನ್ನು ಒಂದು ಸುತ್ತು ತಂದು, ಅಡ್ಡ ದಾಟಿಸಿ, ಎರಡನೇ ಸುತ್ತಿನ ಕೆಳಗೆ ತುದಿ ತೂರಿಸಿ ಎಳೆದ. ಜಾರಲೇ ಇಲ್ಲ. ಆಮೇಲೆ ಏಣಿಯ ಕೆಲಸವೆಲ್ಲಾ ಅವನದೇ.

ಇನ್ನು ಪುಸ್ತಿಕೆಯ ವಿಷಯ. ಹತ್ತು ಹಿತ್ತಾಳೆ ಫಿರಂಗಿ ಬರುತ್ತವೆ, ಪೆಟ್ಟಿಗೆಯಲ್ಲೇ ಚಂದದ ಸಾಮಾನು ಅವು. ಮಕ್ಕಳು ಮೊದಲು ಕೈ ಹಾಕಿದ್ದೂ ಅದಕ್ಕೇ. ವ್ಯಾಪಾರದ ಹಡಗಿಗೆ ಫಿರಂಗಿ ಯಾಕೆ ಅಂತ ಒಬ್ಬಳು ಕೇಳಿದಳು. ಪುಸ್ತಿಕೆಯಲ್ಲಿ ಉತ್ತರ ಇಲ್ಲ. ಎರಡನೇ ಪ್ರಯಾಣದಲ್ಲಿ, 1792ರ ಮೇ 11ರಂದು, ಗ್ರೇ ಒಂದು ದೊಡ್ಡ ನದಿಯೊಳಗೆ ಹಡಗು ನುಗ್ಗಿಸಿ ಅದಕ್ಕೆ ಕೊಲಂಬಿಯಾ ಅಂತ ಹೆಸರಿಟ್ಟ ಕಥೆ ಬಣ್ಣದ ಚಿತ್ರದ ಸಮೇತ ಇದೆ. ಅದಕ್ಕೆ ಮೂರು ದಿನ ಮೊದಲು, ಈಗ ಗ್ರೇಸ್ ಹಾರ್ಬರ್ ಅನ್ನುವ ಜಾಗದಲ್ಲಿ, ರಾತ್ರಿ ಹತ್ತಿರ ಬಂದ ಅಲ್ಲಿನ ಮೂಲನಿವಾಸಿಗಳ ದೋಣಿಯೊಂದಕ್ಕೆ ಇದೇ ಹಡಗಿನಿಂದ ಗುಂಡು ಹೊಡೆದರು. ದೋಣಿಯಲ್ಲಿ ಕಡಿಮೆಯೆಂದರೂ ಇಪ್ಪತ್ತು ಜನ ಇದ್ದರು, ಒಬ್ಬರೂ ಉಳಿದಿರಲಾರರು ಅಂತ ಹಡಗಿನ ಕಿರಿಯ ಅಧಿಕಾರಿ ಜಾನ್ ಬಾಯ್ಟ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಆ ಮಾರ್ಚಿನಲ್ಲಿ ಈಗಿನ ಕೆನಡಾ ಕರಾವಳಿಯ ಕ್ಲೇಯೊಕ್ವಾಟ್‌ನ ಒಪಿಟ್‌ಸಾಟ್ ಅನ್ನುವ ಮೂಲನಿವಾಸಿಗಳ ಇಡೀ ಊರನ್ನೇ ಗ್ರೇಯ ಅಪ್ಪಣೆಯಂತೆ ನಾಶ ಮಾಡಿದ್ದರು. ಸುಮಾರು ಇನ್ನೂರು ಮನೆ, ಕೆತ್ತನೆಯ ಬಾಗಿಲುಗಳು. ಆ ಕೆಲಸಕ್ಕೆ ಕಳಿಸಿದ್ದು ಬಾಯ್ಟ್‌ನನ್ನೇ, ಬರೆಯುವಾಗ ಅವನಿಗೂ ಸಂಕಟ ಆಗಿದೆ. ಇದಕ್ಕೆ ಎರಡು ಸಾಲು ಜಾಗ ಕೊಡಬಹುದಿತ್ತು. ಫಿರಂಗಿ ಕೊಟ್ಟ ಮೇಲೆ ಅದು ಯಾರ ಕಡೆ ತಿರುಗಿತು ಅಂತಲೂ ಹೇಳಬೇಕು. ಮಕ್ಕಳಿಗೆ ನಾನೇ ಹೇಳಿದೆ, ತುಂಬಾ ಹೊತ್ತು ಮಾತಾಡಿದರು.

ಸರಕಿನ ವಿಷಯದಲ್ಲೂ ಇದೇ ಕೊರತೆ. ಉಗ್ರಾಣದ ಬಾಯಿಯನ್ನು ಮುಚ್ಚಿ ಅಂಟಿಸಿಬಿಡಿ ಅನ್ನುತ್ತದೆ ಪುಸ್ತಿಕೆ. ಅಂಟಿಸಬೇಡಿ! ಇಡೀ ಪ್ರಯಾಣ ನಡೆದದ್ದೇ ಆ ಉಗ್ರಾಣಕ್ಕಾಗಿ. ಇಂಗ್ಲಿಷ್ ನಾವಿಕ ಕುಕ್ ಕಪ್ತಾನನ ಜನ 1778ರಲ್ಲಿ ಅದೇ ಕರಾವಳಿಯ ನೂಟ್ಕಾದಲ್ಲಿ ಸುಮ್ನೆ ಹೊದೆಯಲು ಅಂತ ಕೊಂಡ ತೊಗಲುಗಳಲ್ಲಿ ಒಳ್ಳೆಯವು ಕ್ಯಾಂಟನ್ನಿನಲ್ಲಿ 120 ಡಾಲರಿನವರೆಗೂ ಹೋದವು. ಆ ಸುದ್ದಿ 1784ರಲ್ಲಿ ಅಚ್ಚಾದದ್ದೇ ತಡ, ಎಲ್ಲರೂ ಹಡಗು ಹೂಡಿದರು. ನಮ್ಮ ಮುಂಬಯಿಂದಲೂ 1785ರ ಡಿಸೆಂಬರಿನಲ್ಲಿ ಜೇಮ್ಸ್ ಸ್ಟ್ರೇಂಜ್ ಎರಡು ಹಡಗು ತೆಗೆದುಕೊಂಡು ಅಲ್ಲಿಗೇ ಹೊರಟಿದ್ದ, ಬಾಸ್ಟನ್ನಿನವರಿಗಿಂತ ಮೊದಲೇ. ಕಡಲ ನೀರುನಾಯಿಗೆ ತಿಮಿಂಗಿಲದ ಹಾಗೆ ಚರ್ಮದಡಿ ಕೊಬ್ಬಿಲ್ಲ, ಚಳಿ ತಡೆಯುವುದು ದಟ್ಟ ಕೂದಲಿನಿಂದಲೇ. ಅದರ ತೊಗಲಿಗೆ ಅಷ್ಟು ಬೆಲೆ ಬಂದದ್ದೂ ಆ ಕೂದಲಿಗಾಗಿ. 1789ರಲ್ಲಿ ಗ್ರೇ ಆ ಕರಾವಳಿಯ ಮೂಲನಿವಾಸಿಗಳಾದ ಹೈಡಾ ಜನರಿಂದ ತೊಗಲಿಗೆ ಒಂದೊಂದು ಉಳಿ ಕೊಟ್ಟು ಇನ್ನೂರು ತೊಗಲು ಕೊಂಡ. ಆದರೆ ಆ ಜನ ಹೆಡ್ಡರೇನಲ್ಲ. ಒಂದೆರಡು ವರ್ಷದಲ್ಲೇ ಉಳಿ ಬೇಡ, ತಾಮ್ರದ ತಗಡು ತನ್ನಿ, ಬಟ್ಟೆ ತನ್ನಿ, ಕೋವಿ ತನ್ನಿ ಅಂತ ಚೌಕಾಸಿ ಶುರು ಮಾಡಿದರು. ನೀರುನಾಯಿ ಮಾತ್ರ ಮುಗಿಯುತ್ತಾ ಬಂತು. ಬೇಟೆ ನಿಲ್ಲಿಸಲು ನಾಲ್ಕು ದೇಶ ಸೇರಿ ಒಪ್ಪಂದ ಮಾಡಿಕೊಂಡದ್ದು 1911ರಲ್ಲಿ.

ನಾವು ಉಗ್ರಾಣದ ಬಾಯಿ ತೆರೆದೇ ಇಟ್ಟೆವು. ಒಳಗೆ ಮಕ್ಕಳು ಮಾಡಿದ ತಗಡಿನ ಚೂರು, ಕಂದು ಬಟ್ಟೆಯ ತೊಗಲಿನ ಕಟ್ಟು, ಚಹಾ ಪೆಟ್ಟಿಗೆ ಇವೆ. ಕಿಟ್ ಮಾಡುವವರೇ ಇಂಥ ಒಂದು ಸಣ್ಣ ಪೊಟ್ಟಣ ಇಟ್ಟರೆ ಇನ್ನೂ ಐನೂರು ಜಾಸ್ತಿ ಕೊಟ್ಟೇನು. ಹಾಯಿಯ ಬಟ್ಟೆ ಪರವಾಗಿಲ್ಲ. ಅಂಟು ಕೊಟ್ಟಿಲ್ಲ, ಫೆವಿಕಾಲ್ ಸಾಕು.

ಲೇಡಿ ವಾಷಿಂಗ್ಟನ್ನಿನ ಕಿಟ್ ಕೂಡ ಸಿಗುತ್ತದೆ. ಮೊದಲ ಸಲ ಕಟ್ಟುವವರು ಅದರಿಂದ ಶುರು ಮಾಡಿ, ಹಗ್ಗದ ಕೆಲಸ ಕಡಿಮೆ. ಕಿಟ್‌ಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಎರಡು ಕೂವೆ ಇರುತ್ತವೆ. ಬಾಸ್ಟನ್ ಬಿಟ್ಟಾಗ ಇದ್ದದ್ದು ಒಂದೇ, ಎರಡನೆಯದನ್ನು ಕೆಂಡ್ರಿಕ್ ಹಾಕಿಸಿದ್ದು ಚೀನಾ ಕರಾವಳಿಯ ಮಕಾವಿನಲ್ಲಿ. 1787ರ ರೂಪವೇ ಬೇಕು ಅನ್ನುವವರು ಕೊಳ್ಳುವ ಮೊದಲು ಚಿತ್ರ ಸರಿಯಾಗಿ ನೋಡಿಕೊಳ್ಳಿ.