ಸ್ಟೇಟ್ ಡಯಾಗ್ರಾಂನಲ್ಲಿ ನೋಡ್‌ನ ಆಕಾರ ಬದಲಿಸುವುದು: ಟಿಕ್‌ಝ್, ಫ್ಲೆಚರ್, ಗ್ರಾಫ್‌ವಿಜ್

ಒಂದು ಯಂತ್ರಕ್ಕೆ ಯಾವ ಯಾವ ಸ್ಥಿತಿಗಳಿವೆ, ಒಂದರಿಂದ ಇನ್ನೊಂದಕ್ಕೆ ಅದು ಹೇಗೆ ಹೋಗುತ್ತದೆ ಅಂತ ತೋರಿಸುವ ಚಿತ್ರವೇ ಸ್ಟೇಟ್ ಡಯಾಗ್ರಾಂ. ಸ್ಥಿತಿಗಳಿಗೆ ದುಂಡನೆಯ ನೋಡ್‌ಗಳು, ನಡುವೆ ಬಾಣಗಳು. ಪಠ್ಯಪುಸ್ತಕದಲ್ಲಿ ನೋಡ್‌ನೊಳಗೆ ಒಂದೋ ಎರಡೋ ಅಕ್ಷರ ಇರುತ್ತದೆ, ಹಾಗಾಗಿ ವೃತ್ತ ಸಾಕಾಗುತ್ತದೆ. ನಿಜವಾದ ಯಂತ್ರವನ್ನು ಬರೆಯಲು ಹೊರಟು, ಸ್ಥಿತಿಗಳಿಗೆ ಕನ್ನಡದಲ್ಲೇ ಹೆಸರು ಇಟ್ಟರೆ ಕಥೆ ಬೇರೆ. ‘ಕಾಯುತ್ತಿದೆ’ ಅನ್ನುವ ಪದವನ್ನು ವೃತ್ತದೊಳಗೆ ಕೂರಿಸಿ ನೋಡಿ. ಪದ ಉದ್ದ, ಎತ್ತರ ಕಮ್ಮಿ. ಮೇಲೆ ಕೆಳಗೆ ಖಾಲಿ ಜಾಗ ಬಿಟ್ಟು ವೃತ್ತ ಊದಿಕೊಳ್ಳುತ್ತದೆ. ಪಕ್ಕದ ನೋಡ್ ದೂರ ಹೋಗುತ್ತದೆ, ಚಿತ್ರ ಪುಟದಿಂದ ಆಚೆ ಬೀಳುತ್ತದೆ. ಆಗ ಆಕಾರ ಬದಲಿಸಲೇಬೇಕು.

ಹೀಗೆ ಬದಲಿಸಲು ಮೂರು ದಾರಿಗಳನ್ನು ನಾನು ಬಳಸಿ ನೋಡಿದ್ದೇನೆ. ಲೇಟೆಕ್ ಒಳಗಿನ ಟಿಕ್‌ಝ್, ಟೈಪ್‌ಸ್ಟ್ ಒಳಗಿನ ಫ್ಲೆಚರ್, ಹೊರಗಿನಿಂದ ಚಿತ್ರ ಮಾಡಿಕೊಂಡು ತರುವ ಗ್ರಾಫ್‌ವಿಜ್. ಲೇಟೆಕ್, ಟೈಪ್‌ಸ್ಟ್ ಎರಡೂ ಕೋಡ್ ಬರೆದು ಪುಟ ಜೋಡಿಸುವ ಭಾಷೆಗಳು. ಮೂರು ದಾರಿಗೂ ಎರಡೇ ಪರೀಕ್ಷೆ. ಮೊದಲನೆಯದು 3ರಿಂದ ಭಾಗವಾಗುವ ಬೈನರಿ ಸಂಖ್ಯೆಗಳನ್ನು ಗುರುತಿಸುವ ಯಂತ್ರ. ಶೇಷ 0, 1, 2 ಅಂತ ಮೂರೇ ಸ್ಥಿತಿ. 0 ಅನ್ನುವುದೇ ಆರಂಭ, ಒಪ್ಪಿಗೆಯ ಸ್ಥಿತಿಯೂ (ಸಂಖ್ಯೆ ಓದಿ ಮುಗಿದಾಗ ಯಂತ್ರ ಇಲ್ಲಿದ್ದರೆ ಉತ್ತರ ‘ಹೌದು’) ಅದೇ, ಆದ್ದರಿಂದ ಅದಕ್ಕೆ ಜೋಡಿ ಅಂಚು ಬೇಕು. ಎರಡನೆಯದು ಬೋರ್‌ವೆಲ್ ಮೋಟರಿನ ಆಟೋ ಸ್ಟಾರ್ಟರ್. ‘ನಿಂತಿದೆ’, ‘ಕಾಯುತ್ತಿದೆ’, ‘ಓಡುತ್ತಿದೆ’, ‘ನೀರಿಲ್ಲ’, ‘ಫೇಸ್ ಇಲ್ಲ’ ಅಂತ ಐದು ಸ್ಥಿತಿ. ಕರೆಂಟ್ ಬಂದ ತಕ್ಷಣ ಲೈನಿನ ಎಲ್ಲಾ ಮೋಟರ್‌ಗಳೂ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ಅದಕ್ಕೇ ನಡುವೆ ಕಾಯುವ ಸ್ಥಿತಿ. ಒಂದು ಫೇಸ್ ಹೋದಮೇಲೂ ಮೋಟರ್ ಓಡಿದರೆ ವೈಂಡಿಂಗ್ ಸುಡುತ್ತದೆ. ಹಾಗಾಗಿ ಕೊನೆಯ ಎರಡು ಸ್ಥಿತಿ ನೋಡಿದ ಕೂಡಲೇ ಬೇರೆಯಾಗಿ ಕಾಣಬೇಕು. ಇಲ್ಲಿ ಆಕಾರಕ್ಕೆ ಅರ್ಥ ಇದೆ, ಸುಮ್ನೆ ಅಲಂಕಾರ ಅಲ್ಲ.

ನನ್ನ ಅಳತೆಗೋಲು ಒಂದೇ. ಬಾಣ ಆ ಆಕಾರದ ಅಂಚಿಗೆ ಸರಿಯಾಗಿ ತಾಗಬೇಕು. ಚಂದದ ಆಕಾರ ಬರೆಯುವುದು ಎಲ್ಲದರಲ್ಲೂ ಸುಲಭ. ಬಾಣದ ತುದಿ ಗೆರೆಗೆ ಮುಟ್ಟದೆ ಗಾಳಿಯಲ್ಲಿ ನಿಂತರೆ, ಇಲ್ಲವೇ ಗೆರೆ ದಾಟಿ ಒಳಗೆ ನುಗ್ಗಿದರೆ, ಚಿತ್ರ ಕೆಟ್ಟ ಹಾಗೆಯೇ.

ಟಿಕ್‌ಝ್‌ನಿಂದ ಶುರು ಮಾಡೋಣ. ಟಿಲ್ ಟಾಂಟೌ ಕಟ್ಟಿದ ಈ ವ್ಯವಸ್ಥೆಯಲ್ಲಿ ಸ್ಟೇಟ್ ಡಯಾಗ್ರಾಂಗೆ ಅಂತಲೇ ‘ಆಟೋಮೇಟಾ’ (ಇಂಥ ಸ್ಥಿತಿಗಳ ಯಂತ್ರಗಳ ಹೆಸರು) ಲೈಬ್ರರಿ ಇದೆ. ನೋಡ್‌ಗೆ ‘ಸ್ಟೇಟ್’ ಅಂತ ಹಾಕಿದರೆ ವೃತ್ತ, ಗೆರೆ, ಕನಿಷ್ಠ 2.5 ಎಮ್ (ಫಾಂಟಿನ ಗಾತ್ರಕ್ಕೆ ತಕ್ಕ ಅಳತೆ) ಗಾತ್ರ ಎಲ್ಲವೂ ತಾನಾಗಿ ಬರುತ್ತವೆ. ‘ಇನಿಷಿಯಲ್’ ಅಂದರೆ ಆರಂಭದ ಬಾಣ, ‘ಅಕ್ಸೆಪ್ಟಿಂಗ್’ ಅಂದರೆ ಜೋಡಿ ಅಂಚು. ಶೇಷದ ಯಂತ್ರಕ್ಕೆ ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ಆರಂಭದ ಬಾಣದ ಪಕ್ಕ ‘ಸ್ಟಾರ್ಟ್’ ಅಂತ ಇಂಗ್ಲಿಷಿನಲ್ಲಿ ಬಂದುಬಿಡುತ್ತದೆ. ‘ಇನಿಷಿಯಲ್ ಟೆಕ್ಸ್ಟ್’ಗೆ ‘ಶುರು’ ಅಂತ ಕೊಟ್ಟರೆ ಆಯಿತು.

ಆಕಾರ ಬದಲಿಸುವಾಗ ಇಲ್ಲಿ ಒಂದು ಸೂಕ್ಷ್ಮ ಗೊತ್ತಿರಬೇಕು. ‘ಸ್ಟೇಟ್’ ಅನ್ನುವ ಸ್ಟೈಲ್ ಮೊದಲು ವೃತ್ತ ಅನ್ನುತ್ತದೆ, ಆಮೇಲೆ ಗಾತ್ರ ಹೇಳುತ್ತದೆ, ಕೊನೆಗೆ ‘ಎವರಿ ಸ್ಟೇಟ್’ ಅನ್ನುವ ನಮ್ಮ ಸ್ಟೈಲನ್ನು ಕರೆಯುತ್ತದೆ. ಕೊನೆಗೆ ಬಂದ ಮಾತೇ ನಡೆಯುತ್ತದೆ. ಆದ್ದರಿಂದ ‘ಎವರಿ ಸ್ಟೇಟ್’ನಲ್ಲಿ ‘ರೆಕ್ಟ್ಯಾಂಗಲ್, ರೌಂಡೆಡ್ ಕಾರ್ನರ್ಸ್’ ಅಂತ ಬರೆದರೆ ಎಲ್ಲಾ ಸ್ಥಿತಿಗಳೂ ಆಯತವಾಗುತ್ತವೆ. ಒಂದೇ ನೋಡ್ ಬದಲಿಸಬೇಕಾದರೆ ‘ಸ್ಟೇಟ್, ರೆಕ್ಟ್ಯಾಂಗಲ್’ ಅಂತ ಬರೆಯಬೇಕು. ‘ರೆಕ್ಟ್ಯಾಂಗಲ್, ಸ್ಟೇಟ್’ ಅಂತ ತಿರುಗಿಸಿ ಬರೆದರೆ ಮತ್ತೆ ವೃತ್ತವೇ ಬರುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ‘ಆಕಾರ ಹಾಕಿದ್ದೇನೆ, ಯಾಕೆ ಬರುತ್ತಿಲ್ಲ’ ಅನ್ನುವವರು ಮೊದಲು ಈ ಕ್ರಮ ನೋಡಿಕೊಳ್ಳಿ.

ತಪ್ಪು ಸೂಚಿಸುವ ಸ್ಥಿತಿಗಳಿಗೆ ರಸ್ತೆಯ ಸ್ಟಾಪ್ ಬೋರ್ಡಿನ ಹಾಗೆ ಎಂಟು ಮೂಲೆಯ ಆಕಾರ ಬೇಕಿತ್ತು. ‘ಶೇಪ್ಸ್ ಜಿಯೊಮೆಟ್ರಿಕ್’ ಲೈಬ್ರರಿಯಲ್ಲಿ ‘ರೆಗ್ಯುಲರ್ ಪಾಲಿಗನ್’ ಇದೆ, ಬದಿಗಳ ಸಂಖ್ಯೆ 8 ಅಂತ ಕೊಟ್ಟರೆ ಸಿಗುತ್ತದೆ. ಆದರೆ ಅದು ಸಮಭುಜ. ಪದ ಎಷ್ಟು ಅಗಲವೋ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ, ವೃತ್ತದ ತೊಂದರೆಯೇ ಮತ್ತೆ. ಕನ್ನಡದ ಉದ್ದ ಹೆಸರಿಗೆ ಸರಿಹೋಗುವುದು ‘ಶೇಪ್ಸ್ ಮಿಸ್ಕ್’ನಲ್ಲಿರುವ ‘ಚಾಂಫರ್ಡ್ ರೆಕ್ಟ್ಯಾಂಗಲ್’. ನಾಲ್ಕು ಮೂಲೆ ಕತ್ತರಿಸಿದ ಆಯತ ಅದು. ‘ಫೇಸ್ ಇಲ್ಲ’ ಅದರಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಬಾಣಗಳೂ ಕತ್ತರಿಸಿದ ಅಂಚಿಗೇ ಬಂದು ತಾಗುತ್ತವೆ.

ಇದೇ ಮಾತು ‘ರೌಂಡೆಡ್ ಕಾರ್ನರ್ಸ್’ಗೆ ಹೇಳಲು ಆಗುವುದಿಲ್ಲ. ಅದು ಗೆರೆಯನ್ನು ಮಾತ್ರ ಬಾಗಿಸುತ್ತದೆ, ನೋಡ್‌ನ ಲೆಕ್ಕದಲ್ಲಿ ಆಯತ ಚೂಪು ಮೂಲೆಯದ್ದೇ. ಮೂಲೆಯ ಕಡೆಯಿಂದ ಬರುವ ಬಾಣ ಇಲ್ಲದ ಚೂಪು ಮೂಲೆಗೆ ಬಂದು ನಿಲ್ಲುತ್ತದೆ. ಗೆರೆಗೂ ಬಾಣಕ್ಕೂ ನಡುವೆ ಸಣ್ಣ ಸಂದು ಉಳಿಯುತ್ತದೆ. ಮೂಲೆಯ ಬಾಗು ಸಣ್ಣದಿದ್ದರೆ ಕಾಣುವುದಿಲ್ಲ. 8 ಪಾಯಿಂಟ್ ಬಾಗು ಕೊಟ್ಟು, ಮೂಲೆಯ ದಿಕ್ಕಿನಲ್ಲಿ ಬಾಣ ಬಿಟ್ಟರೆ ಸಂದು ಎದ್ದು ಕಾಣುತ್ತದೆ. ಅಂಥ ಕಡೆ ‘ರೌಂಡೆಡ್ ರೆಕ್ಟ್ಯಾಂಗಲ್’ ಅನ್ನುವ ಬೇರೆಯದೇ ಆಕಾರ ಬಳಸಿ. ಹೆಸರು ಒಂದೇ ಥರ ಇದ್ದರೂ ಇದರಲ್ಲಿ ಬಾಗಿದ ಅಂಚನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಇನ್ನು ಪೂರ್ತಿ ಹೊಸ ಆಕಾರ ಬೇಕು ಅಂದರೆ ಟಿಕ್‌ಝ್‌ನ ತಳದಲ್ಲಿರುವ ಪಿಜಿಎಫ್‌ನ ಶೇಪ್ ಡಿಕ್ಲೇರ್ ಮಾಡುವ ಕಮಾಂಡಿಗೆ ಇಳಿಯಬೇಕು. ಅಲ್ಲಿ ಗೆರೆ ಬರೆದರೆ ಮುಗಿಯುವುದಿಲ್ಲ. ಆಂಕರ್‌ಗಳು (ನೋಡ್ ಮೇಲಿನ ಹೆಸರಿಟ್ಟ ಬಿಂದುಗಳು) ಎಲ್ಲಿ, ಒಂದು ದಿಕ್ಕಿನಿಂದ ಬಂದ ಬಾಣ ಅಂಚಿನಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ನಾವೇ ಹೇಳಬೇಕು. ಆಯತದಿಂದ ಇವನ್ನು ಎರವಲು ಪಡೆಯಬಹುದು. ಆದರೆ ಆಕಾರ ಆಯತವನ್ನು ಬಿಟ್ಟು ದೂರ ಹೋದಷ್ಟೂ ಬಾಣಗಳು ತಪ್ಪು ಜಾಗಕ್ಕೆ ಹೋಗುತ್ತವೆ. ಒಂದು ಚಿತ್ರಕ್ಕೋಸ್ಕರ ಇಷ್ಟು ಕೆಲಸ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪುಸ್ತಕ ಪೂರ್ತಿ ಅದೇ ಆಕಾರ ಬಳಸುವುದಾದರೆ ಮಾಡಿ.

ಫ್ಲೆಚರ್ ಗೆಲ್ಲುವುದು ಸರಿಯಾಗಿ ಇಲ್ಲೇ. ಟೈಪ್‌ಸ್ಟ್ 2023ರಲ್ಲಿ ಎಲ್ಲರ ಕೈಗೆ ಬಂದ ಟೈಪ್‌ಸೆಟ್ಟಿಂಗ್ ಭಾಷೆ. ಅದರ ಚಿತ್ರದ ಪ್ಯಾಕೇಜ್ ಸೆಟ್ಜ್, ಅದರ ಮೇಲೆ ಕಟ್ಟಿದ್ದು ಫ್ಲೆಚರ್. ಇದು ಬಾಣದ ಗೆರೆಯನ್ನೂ ನೋಡ್‌ನ ಹೊರಗೆರೆಯನ್ನೂ ತೆಗೆದುಕೊಂಡು ಅವು ಎಲ್ಲಿ ಕೂಡುತ್ತವೆ ಅಂತ ತಾನೇ ಹುಡುಕುತ್ತದೆ. ಆಂಕರ್ ಹೇಳುವ ಗೋಜೇ ಇಲ್ಲ. ನೋಡ್‌ನ ಅಳತೆ ತೆಗೆದುಕೊಂಡು ಗೆರೆ ಬರೆದುಕೊಡುವ ಒಂದು ಪುಟ್ಟ ಫಂಕ್ಷನ್ ಬರೆದರೆ ಅದೇ ಹೊಸ ಆಕಾರ. ಬಾಣ ಅದರ ಅಂಚಿಗೆ ಬಂದು ನಿಲ್ಲುತ್ತದೆ. ಷಟ್ಕೋನ, ಅಷ್ಟಕೋನ, ವಜ್ರ, ಮಾತ್ರೆಯಾಕಾರ ಎಲ್ಲಾ ಮೊದಲೇ ಇವೆ. ಆಟೋ ಸ್ಟಾರ್ಟರ್ ಚಿತ್ರಕ್ಕೆ ಹೊಸದನ್ನು ಬರೆಯುವ ಅಗತ್ಯವೇ ಬೀಳಲಿಲ್ಲ.

ಆಕಾರ ಹೇಳದೇ ಬಿಟ್ಟರೆ ಫ್ಲೆಚರ್ ಒಳಗಿನ ಬರಹ ನೋಡಿ ತಾನೇ ನಿರ್ಧರಿಸುತ್ತದೆ. ಉದ್ದ ಅಗಲ ಹತ್ತಿರ ಹತ್ತಿರ ಇದ್ದರೆ ವೃತ್ತ, ಬರಹ ಉದ್ದವಾದರೆ ಆಯತ. ಶೇಷದ ಯಂತ್ರಕ್ಕೆ ವೃತ್ತ, ಮೋಟರಿನ ಯಂತ್ರಕ್ಕೆ ಆಯತ ತಾನಾಗಿಯೇ ಬಂತು. ಆದರೆ ಒಂದೇ ಚಿತ್ರದಲ್ಲಿ ಚಿಕ್ಕ ಹೆಸರೂ ಉದ್ದ ಹೆಸರೂ ಬೆರೆತರೆ ಆಕಾರಗಳು ಮಿಶ್ರವಾಗುತ್ತವೆ. ಇಲ್ಲದ ಅರ್ಥ ಓದುಗರಿಗೆ ಕಾಣುತ್ತದೆ. ಆದ್ದರಿಂದ ಆಕಾರವನ್ನು ಯಾವಾಗಲೂ ನೀವೇ ಬರೆದು ಕೊಡಿ.

ಫ್ಲೆಚರ್‌ನಲ್ಲಿ ‘ಇನಿಷಿಯಲ್’, ‘ಅಕ್ಸೆಪ್ಟಿಂಗ್’ ಅನ್ನುವ ಪದಗಳಿಲ್ಲ. ಆರಂಭದ ಬಾಣವನ್ನು ಖಾಲಿ ಜಾಗದಿಂದ ನಾವೇ ಎಳೆಯಬೇಕು. ಜೋಡಿ ಅಂಚಿಗೆ ‘ಎಕ್ಸ್‌ಟ್ರೂಡ್’ ಇದೆ. ಗೆರೆಯ ದಪ್ಪದ ಎಷ್ಟು ಪಟ್ಟು ಒಳಗೆ ಅಥವಾ ಹೊರಗೆ ಇನ್ನೊಂದು ಗೆರೆ ಬೇಕು ಅಂತ ಅದಕ್ಕೆ ಪಟ್ಟಿ ಕೊಟ್ಟರಾಯಿತು. ಬರೀ ಆಟೋಮೇಟಾ ಬರೆಯುವವರಿಗೆ ಟೈಪ್‌ಸ್ಟ್‌ನಲ್ಲೇ ‘ಫೈನೈಟ್’ ಅನ್ನುವ ಪ್ಯಾಕೇಜ್ ಇದೆ. ಪರಿವರ್ತನೆಗಳ ಪಟ್ಟಿ ಕೊಟ್ಟರೆ ಚಿತ್ರ ಬರುತ್ತದೆ. ಪಾಠದ ಲೆಕ್ಕಗಳಿಗೆ ಅದು ಬೇಗ ಆಗುವ ದಾರಿ.

ಜೋಡಿ ಅಂಚಿನ ನಡುವಿನ ಬಣ್ಣದ ವಿಷಯವನ್ನು ಹತ್ತಿರದಿಂದ ನೋಡಬೇಕು. ಮೂರೂ ಸಾಧನಗಳ ಸ್ವಭಾವ ಇದರಲ್ಲಿ ಗೊತ್ತಾಗುತ್ತದೆ. ಒಪ್ಪಿಗೆಯ ಸ್ಥಿತಿಗೆ ತಿಳಿ ಹಳದಿ ಬಣ್ಣ ತುಂಬಿದೆ ಅಂದುಕೊಳ್ಳಿ. ಟಿಕ್‌ಝ್ ಜೋಡಿ ಗೆರೆಯನ್ನು ಮಾಡುವುದು ಹೀಗೆ: ಮೊದಲು ದಪ್ಪ ಗೆರೆ ಎಳೆಯುತ್ತದೆ, ಅದರ ಮೇಲೆ ಸಣ್ಣ ಬಿಳಿ ಗೆರೆ ಎಳೆಯುತ್ತದೆ. ಹಾಗಾಗಿ ಎರಡು ಗೆರೆಗಳ ನಡುವೆ ಬಿಳಿ ಬಳೆ ಉಳಿಯುತ್ತದೆ. ‘ಡಬಲ್’ಗೆ ಅದೇ ಹಳದಿ ಬಣ್ಣದ ಹೆಸರು ಕೊಟ್ಟರೆ ಬಳೆ ಹೋಗುತ್ತದೆ. ಫ್ಲೆಚರ್‌ನಲ್ಲಿ ಬಣ್ಣ ತುಂಬುವುದು ‘ಎಕ್ಸ್‌ಟ್ರೂಡ್’ ಪಟ್ಟಿಯ ಮೊದಲ ಸಂಖ್ಯೆ ಹೇಳಿದ ಗೆರೆಯೊಳಗೆ. ಒಳಗಿನ ಗೆರೆ ಮೊದಲು ಬರೆದರೆ ಬಳೆ ಖಾಲಿ, ಹೊರಗಿನದ್ದು ಮೊದಲು ಬರೆದರೆ ಪೂರ್ತಿ ಹಳದಿ. ಕ್ರಮ ಅದಲುಬದಲು ಮಾಡಿದರೆ ಸಾಕು. ಗ್ರಾಫ್‌ವಿಜ್ ಎಲ್ಲಕ್ಕಿಂತ ಒಳಗಿನ ಗೆರೆಯೊಳಗೆ ಮಾತ್ರ ಬಣ್ಣ ತುಂಬುತ್ತದೆ, ಅದನ್ನು ಬದಲಿಸಲು ಸರಳ ಆಯ್ಕೆ ಇಲ್ಲ.

ಕನ್ನಡದವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಒತ್ತಕ್ಷರ. ಐದು ಹೆಸರುಗಳಲ್ಲಿ ‘ನಿಂತಿದೆ’ ಒಂದಕ್ಕೆ ಒತ್ತಿಲ್ಲ, ಉಳಿದ ನಾಲ್ಕಕ್ಕೂ ಕೆಳಗೆ ಒತ್ತು ಇಳಿದಿದೆ. ಟಿಕ್‌ಝ್‌ನಲ್ಲಿ ಕನ್ನಡ ಬರಬೇಕಾದರೆ ಝೀಲೇಟೆಕ್ ಅಥವಾ ಹಾರ್ಫ್‌ಬಝ್ ರೆಂಡರರ್ ಹಾಕಿಕೊಂಡ ಲುವಾಲೇಟೆಕ್ ಬೇಕು. ಟಿಕ್‌ಝ್ ಪ್ರತಿ ಪದದ ನಿಜವಾದ ಎತ್ತರ, ಆಳ ಅಳೆದು ನಡುವಿಗೆ ಕೂರಿಸುತ್ತದೆ. ಫಲ ಏನು? ಒಂದೇ ಸಾಲಿನಲ್ಲಿ ‘ನಿಂತಿದೆ’ ಸ್ವಲ್ಪ ಕೆಳಗೆ, ‘ಕಾಯುತ್ತಿದೆ’ ಸ್ವಲ್ಪ ಮೇಲೆ. ಸಾಲು ಕುಣಿದ ಹಾಗೆ ಕಾಣುತ್ತದೆ. ನೋಡ್‌ಗಳ ಎತ್ತರವೂ ಬೇರೆ ಬೇರೆ. ಎಲ್ಲಾ ಸ್ಥಿತಿಗಳಿಗೂ ಒಂದೇ ‘ಟೆಕ್ಸ್ಟ್ ಹೈಟ್’, ಒಂದೇ ‘ಟೆಕ್ಸ್ಟ್ ಡೆಪ್ತ್’ ಕೊಟ್ಟರೆ ಸರಿಹೋಗುತ್ತದೆ. ಇಂಗ್ಲಿಷ್ ಉದಾಹರಣೆಗಳಲ್ಲಿ ಸಿಗುವ 0.25 ಎಕ್ಸ್ (ಇಂಗ್ಲಿಷಿನ x ಅಕ್ಷರದ ಎತ್ತರದ ಕಾಲು ಭಾಗ) ಆಳ ನಮ್ಮ ಒತ್ತಿಗೆ ಸಾಲದು. ಅತಿ ಆಳಕ್ಕೆ ಇಳಿಯುವ ಒತ್ತು ಯಾವುದೋ ಅದನ್ನು ನೋಡಿ ಅಳತೆ ಇಡಿ.

ಟೈಪ್‌ಸ್ಟ್‌ನಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ಬರಹದ ಕೆಳಗಿನ ಅಂಚು ಅಂದರೆ ಬೇಸ್‌ಲೈನ್. ಬೇಸ್‌ಲೈನ್ ಅಂದರೆ ಅಕ್ಷರಗಳು ಕೂರುವ ಗೆರೆ, ಅದರ ಕೆಳಗಿನ ಒತ್ತು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಸಾಲು ನೇರವಾಗಿ ಬರುತ್ತದೆ, ಆದರೆ ‘ನೀರಿಲ್ಲ’ದ ಒತ್ತು ನೋಡ್‌ನ ತಳದ ಗೆರೆಗೆ ತಾಗುವಷ್ಟು ಹತ್ತಿರ ಬರುತ್ತದೆ. ಬರಹಕ್ಕೆ ‘ಟಾಪ್ ಎಡ್ಜ್’ ಅಸೆಂಡರ್, ‘ಬಾಟಮ್ ಎಡ್ಜ್’ ಡಿಸೆಂಡರ್ ಅಂತ ಹಾಕಿ. ಆಗ ಇಡೀ ಫಾಂಟಿಗೆ ಒಂದೇ ಅಳತೆ ಆಗುತ್ತದೆ. ಸಾಲೂ ನೇರ, ಒತ್ತಿಗೂ ಜಾಗ. ‘ಬೌಂಡ್ಸ್’ ಅಂತ ಹಾಕಬೇಡಿ, ಆಗ ಪ್ರತಿ ಪದಕ್ಕೂ ಬೇರೆ ಅಳತೆ ಆಗಿ ಟಿಕ್‌ಝ್‌ನ ಕುಣಿತ ಇಲ್ಲಿಗೂ ಬರುತ್ತದೆ.

ಗ್ರಾಫ್‌ವಿಜ್ ಟೈಪ್‌ಸೆಟ್ಟಿಂಗ್ ಭಾಷೆಯಲ್ಲ, ಆದರೂ ಎಷ್ಟೋ ಜನ ಅದರಲ್ಲಿ ಚಿತ್ರ ಮಾಡಿ ಲೇಟೆಕ್‌ಗೆ ತರುತ್ತಾರೆ. ‘ಡಬಲ್ ಸರ್ಕಲ್’, ‘ಆಕ್ಟಗನ್’ ಹೀಗೆ ಆಕಾರಗಳ ಹೆಸರು ಬರೆದರೆ ಸಾಕು. ‘ಪೆರಿಫೆರೀಸ್’ಗೆ 2 ಕೊಟ್ಟರೆ ಅಷ್ಟಕೋನಕ್ಕೂ ಜೋಡಿ ಅಂಚು ಬರುತ್ತದೆ. ಅಷ್ಟಕೋನ ಬರಹಕ್ಕೆ ತಕ್ಕಂತೆ ಅಗಲವಾಗುತ್ತದೆ, ಈ ವಿಷಯದಲ್ಲಿ ಟಿಕ್‌ಝ್‌ನ ಪಾಲಿಗನ್‌ಗಿಂತ ಮೇಲು. ಪೂರ್ತಿ ಹೊಸ ಆಕಾರ ಕಟ್ಟಲು ಮಾತ್ರ ಸರಳ ದಾರಿಯಿಲ್ಲ. ಚಿತ್ರದ ಫೈಲ್ ಅಂಟಿಸಬಹುದು, ಬಾಣ ಆ ಚಿತ್ರದ ಅಂಚನ್ನು ನೋಡುವುದಿಲ್ಲ. ಆರಂಭದ ಬಾಣಕ್ಕೆ ಕಾಣದ ನೋಡ್ ಒಂದನ್ನು ಇಡಬೇಕು. ನೋಡ್ ಎಲ್ಲಿ ಕೂರಬೇಕು ಅನ್ನುವುದನ್ನು ಅದೇ ನಿರ್ಧರಿಸುತ್ತದೆ. ಒಂದು ಸ್ಥಿತಿ ಸೇರಿಸಿದರೆ ಚಿತ್ರ ಪೂರ್ತಿ ಕದಲಿಹೋಗಬಹುದು. ಪ್ರೋಗ್ರಾಂನಿಂದ ಹುಟ್ಟಿದ ನೂರಾರು ಸ್ಥಿತಿಯ ಯಂತ್ರಕ್ಕೆ ಮಾತ್ರ ನಾನು ಇದನ್ನು ಬಳಸುತ್ತೇನೆ. ಅಷ್ಟು ನೋಡ್‌ಗಳನ್ನು ಕೈಯಲ್ಲಿ ಕೂರಿಸಲು ಯಾರಿಗೂ ಆಗುವುದಿಲ್ಲ ಅಲ್ವಾ.

ವೊಕಾನ್ಸನ್-ಜಿ ಅನ್ನುವ ಹಳೆಯ ಲೇಟೆಕ್ ಪ್ಯಾಕೇಜನ್ನು ಕೆಲವರು ಇನ್ನೂ ಹೊಗಳುತ್ತಾರೆ. ಅದರ ವೃತ್ತಗಳು, ಬಾಣದ ಬಾಗು ನಿಜಕ್ಕೂ ಚೆಂದ. ಆದರೆ ಅದು ಪಿಎಸ್‌ಟ್ರಿಕ್ಸ್ ಅನ್ನುವ ಪೋಸ್ಟ್‌ಸ್ಕ್ರಿಪ್ಟ್ ಆಧಾರದ ಪ್ಯಾಕೇಜ್ ಮೇಲೆ ನಿಂತಿದೆ, ಪಿಡಿಎಫ್‌ಲೇಟೆಕ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದಿಲ್ಲ.

ಒಂದು ಕಡೆ ಟಿಕ್‌ಝ್‌ಗೆ ಸಾಟಿ ಇಲ್ಲ. ಮೂರ್ ಯಂತ್ರದಲ್ಲಿ, ಅಂದರೆ ಔಟ್‌ಪುಟ್ ಸ್ಥಿತಿಯನ್ನಷ್ಟೇ ಅವಲಂಬಿಸುವ ಯಂತ್ರದಲ್ಲಿ, ಸ್ಥಿತಿಯ ಹೆಸರಿನ ಕೆಳಗೆ ಔಟ್‌ಪುಟ್ ಬರೆಯಬೇಕು. ‘ಸ್ಟೇಟ್ ವಿತ್ ಔಟ್‌ಪುಟ್’ ಅಂದರೆ ವೃತ್ತದ ನಡುವೆ ಅಡ್ಡ ಗೆರೆ ಬರುತ್ತದೆ, ಮೇಲೆ ಹೆಸರು, ಕೆಳಗೆ ಔಟ್‌ಪುಟ್. ಉದ್ದ ಪದಕ್ಕೆ ‘ರೆಕ್ಟ್ಯಾಂಗಲ್ ಸ್ಪ್ಲಿಟ್’ ಇದೆ. ‘ಓಡುತ್ತಿದೆ’ ಮೇಲೆ, ‘ಮೋಟರ್ ಆನ್’ ಕೆಳಗೆ. ಫ್ಲೆಚರ್‌ನಲ್ಲಿ ಎರಡು ಸಾಲಿನ ಬರಹ ಹಾಕಿ ನಡುವೆ ಗೆರೆ ಎಳೆಯಬಹುದು, ಆದರೆ ಆ ಗೆರೆ ನೋಡ್‌ನ ಅಂಚಿನವರೆಗೆ ಮುಟ್ಟುವುದಿಲ್ಲ. ಮುಟ್ಟಿಸಲು ಸ್ವಂತ ಆಕಾರವೇ ಬರೆಯಬೇಕು. ಗ್ರಾಫ್‌ವಿಜ್‌ನ ‘ಎಂರೆಕಾರ್ಡ್’ ದುಂಡು ಮೂಲೆಯ ಎರಡು ಖಾನೆ ಕೊಡುತ್ತದೆ, ವೃತ್ತ ಬೇಡ ಅನ್ನುವವರಿಗೆ ಅದೂ ಆದೀತು.

ನನ್ನ ಆಯ್ಕೆ ಹೀಗಿದೆ. ಜರ್ನಲ್‌ಗೆ ಕಳಿಸುವ ಬರಹಕ್ಕೆ ಟಿಕ್‌ಝ್, ಅವರು ಲೇಟೆಕ್ ಕೇಳುವುದೇ ಹೆಚ್ಚು. ಮೂರ್ ಯಂತ್ರಕ್ಕೂ ಅದೇ. ತರಗತಿಯ ನೋಟ್ಸ್, ರಿಪೋರ್ಟ್, ಕನ್ನಡದ ಹೆಸರಿರುವ ಚಿತ್ರ ಎಲ್ಲಕ್ಕೂ ಫ್ಲೆಚರ್. ಒಂದು ಅಕ್ಷರ ಬದಲಿಸಿದ ಕೂಡಲೇ ಚಿತ್ರ ಕಣ್ಣ ಮುಂದೆ ಬದಲಾಗುವುದರಿಂದ ಆಕಾರ ಹೊಂದಿಸುವುದು ಎಷ್ಟೋ ಸಲೀಸು. ಫ್ಲೆಚರ್ ಬಳಸುವಾಗ ಇಂಪೋರ್ಟ್ ಸಾಲಿನಲ್ಲಿ ವರ್ಷನ್ ಸಂಖ್ಯೆ ಬರೆಯಲೇಬೇಕು. ಕೆಲಸ ಮಾಡುತ್ತಿರುವ ಫೈಲಿನಲ್ಲಿ ಆ ಸಂಖ್ಯೆಯನ್ನು ಹಾಗೇ ಬಿಡಿ, ಹೊಸ ವರ್ಷನ್ ಬೇಕಾದರೆ ಫೈಲಿನ ಪ್ರತಿ ಮಾಡಿಕೊಂಡು ಅದರಲ್ಲಿ ನೋಡಿ.