ಓಮ್ನಿ ಹೋದ ಮೇಲೆ: ಹನ್ನೆರಡು ಕ್ರೇಟು ಇಟ್ಟು ನೋಡಿದ ನಾಲ್ಕು ಗಾಡಿಗಳು

ನಮ್ಮ 2009ರ ಮಾರುತಿ ಓಮ್ನಿ ವ್ಯಾನಿಗೆ 2024ರಲ್ಲಿ ಹದಿನೈದು ವರ್ಷ ತುಂಬಿತು. ಆರ್‌ಸಿ ನವೀಕರಿಸಬೇಕೆಂದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಅದಕ್ಕೂ ಮೊದಲು ಕಾಲಡಿಯ ತಗಡಿಗೆ ತೇಪೆ ಹಾಕಿಸಬೇಕಿತ್ತು. ಮಳೆಗಾಲದಲ್ಲಿ ರಸ್ತೆಯ ಕೆಸರು ಒಳಗೆ ಚಿಮ್ಮಿ ನನ್ನ ಸೀರೆಯ ನೆರಿಗೆಗೆ ಬೀಳುತ್ತಿತ್ತು. ಗ್ಯಾರೇಜಿನವನು ಹೇಳಿದ ಮೊತ್ತ ಗಾಡಿಯ ಬೆಲೆಯ ಅರ್ಧಕ್ಕೆ ಬಂದಾಗ ಮಾರಿಬಿಟ್ಟೆವು. ಹೊಸ ಓಮ್ನಿ ತರೋಣವೆಂದರೆ ಅದರ ತಯಾರಿಕೆ 2019ರಲ್ಲೇ ನಿಂತಿದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕಲು ಹೊರಟೆವು.

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಮನೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ವಾರಕ್ಕೆರಡು ಸಲ ಶಿವಮೊಗ್ಗದ ಅಂಗಡಿಗಳಿಗೆ ಹಾಕುತ್ತೇವೆ. ಒಂದು ಸಲಕ್ಕೆ ಹನ್ನೆರಡು ಕ್ರೇಟು, ಒಂದೊಂದೂ ಸುಮಾರು 14 ಕಿಲೋ. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಮಂಡಿನೋವಿನ ಅತ್ತೆ. ಅತ್ತೆಯನ್ನು ಡಾಕ್ಟರಿಗೆ ತೋರಿಸುವ ದಿನವೇ ಸರಕಿನ ದಿನವೂ ಆಗಿರುತ್ತದೆ, ರಜೆ ಇದ್ದರೆ ಮಕ್ಕಳೂ ಹೊರಡುತ್ತಾರೆ. ಆದ್ದರಿಂದ ಐದು ಜನ ಕುಳಿತ ಮೇಲೆ ಎಷ್ಟು ಕ್ರೇಟು ಹಿಡಿಸುತ್ತದೆ ಎನ್ನುವುದೇ ನನ್ನ ಪರೀಕ್ಷೆಯಾಗಿತ್ತು. ದಲ್ಲಾಳಿಗಳು ‘ಏಳು ಸೀಟು’ ಎಂದಾಗಲೆಲ್ಲ ನಾನು ಹಿಂದಿನ ಬಾಗಿಲು ತೆಗೆಸಿ ಖಾಲಿ ಕ್ರೇಟು ಇಟ್ಟು ನೋಡುತ್ತಿದ್ದೆ. ಒಬ್ಬರು ನಕ್ಕರು ಕೂಡ. ನಗಲಿ.

ಯಜಮಾನರ ಮನಸ್ಸು ಇನ್ನೋವಾದ ಮೇಲೆ. ತಪ್ಪೇನಿಲ್ಲ, ಬಿಡದಿಯಲ್ಲಿ ತಯಾರಾದ ಆ 2.5 ಲೀಟರ್ ಡೀಸೆಲ್ ಗಾಡಿ ಚೆನ್ನಾಗಿ ನೋಡಿಕೊಂಡರೆ ಮೂರು ಲಕ್ಷ ಕಿಲೋಮೀಟರಿಗೂ ಜಗ್ಗದು. ಶಿವಮೊಗ್ಗದಲ್ಲಿ 2013ರದ್ದೊಂದನ್ನು ಆಯನೂರಿನವರೆಗೆ ಓಡಿಸಿ ನೋಡಿದೆವು. ಅತ್ತೆಗೆ ಮಧ್ಯದ ಸೀಟಿನಲ್ಲಿ ನಿದ್ದೆಯೇ ಬಂತು, ಅಷ್ಟು ಹಾಯಾದ ಓಟ. ಆದರೆ ಮೂರನೇ ಸಾಲಿನ ಸೀಟನ್ನು ಮಡಚಿದರೆ ಅದು ನೆಲಕ್ಕೆ ಒರಗುವುದಿಲ್ಲ, ಎರಡು ಪಕ್ಕಕ್ಕೆ ಎದ್ದು ನೇತಾಡುತ್ತದೆ. ನಡುವೆ ಉಳಿದ ಜಾಗದಲ್ಲಿ ಎಂಟು ಕ್ರೇಟು ಕೂತವು. 4.5 ಮೀಟರಿಗೂ ಉದ್ದದ ಗಾಡಿಯಲ್ಲಿ ಎಂಟೇ!

ಅದನ್ನು ಬಿಡಲು ಕಾರಣ ಕ್ರೇಟಲ್ಲ. ಮೀಟರು 82,000 ಕಿಲೋಮೀಟರ್ ತೋರಿಸುತ್ತಿತ್ತು. ನಾನು ಬಗ್ಗಿ ಪೆಡಲುಗಳನ್ನು ನೋಡಿದೆ. ಕ್ಲಚ್ ಪೆಡಲಿನ ರಬ್ಬರಿನ ಗೆರೆಗಳೆಲ್ಲ ಸವೆದು ಎಡ ಮೂಲೆಯಲ್ಲಿ ಕಬ್ಬಿಣ ಹೊಳೆಯುತ್ತಿತ್ತು. ಬ್ರೇಕಿನ ರಬ್ಬರು ಮಾತ್ರ ಹೊಚ್ಚ ಹೊಸದು. ಮನೆಯವರು ಓಡಿಸಿದ ಗಾಡಿಯಲ್ಲಿ ಎಂಬತ್ತು ಸಾವಿರಕ್ಕೆ ಪೆಡಲು ಹಾಗೆ ಸವೆಯುವುದಿಲ್ಲ. ಸರ್ವೀಸ್ ದಾಖಲೆ ಕೇಳಿದರೆ “ಪುಸ್ತಕ ಕಳೆದಿದೆ ಮೇಡಂ” ಎಂದರು. ಆರ್‌ಸಿಯ ಹಿಂದಿನ ವಿವರ ತೆಗೆಸಿದಾಗ ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಗಾಡಿ ಎಂದು ತಿಳಿಯಿತು. ಟ್ಯಾಕ್ಸಿಯಾಗಿದ್ದ ಗಾಡಿ ಕೆಟ್ಟದೆಂದೇನಲ್ಲ. ಅದನ್ನು ಮುಚ್ಚಿಟ್ಟು ಮಾರುವುದು ಕೆಟ್ಟದ್ದು. ಇನ್ನೋವಾದ ಆ ಎಂಜಿನ್ನಿಗೆ ಆಗಾಗ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಇರುತ್ತದೆ, ಬದಲಿಸಿದ ರಸೀದಿ ಕೈಗೆ ಬಾರದೆ ಮುಂಗಡ ಕೊಡಬೇಡಿ. ಇನ್ನೊಬ್ಬ ದಲ್ಲಾಳಿ ದೆಹಲಿಯ ಇನ್ನೋವಾ ತೋರಿಸಿದ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಅಲ್ಲಿ ನಿರ್ಬಂಧ ಬಂದಂದಿನಿಂದ ಆ ಕಡೆಯ ಗಾಡಿಗಳು ಅಗ್ಗಕ್ಕೆ ಬರುತ್ತವೆ. ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ಆಜೀವ ತೆರಿಗೆ ಕಟ್ಟಿ, ಕೆಎ ಸಂಖ್ಯೆ ಪಡೆಯುವ ಹೊತ್ತಿಗೆ ಆ ಅಗ್ಗದಲ್ಲಿ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕಿಯೇ ಮುಂದುವರಿಯಬೇಕು.

ಬೊಲೆರೊ ಪಕ್ಕದ ಮನೆಯವರದು, ಒಂದು ದಿನಕ್ಕೆ ಕೇಳಿ ತಂದೆವು. ಹಿಂದಿನ ಎದುರು-ಬದುರು ಸೀಟು ಮಡಚಿದರೆ ಹತ್ತು ಕ್ರೇಟು. ನಮ್ಮ ಕೆಸರು ದಾರಿ ಅದಕ್ಕೆ ಲೆಕ್ಕವೇ ಅಲ್ಲ, ಯಾವ ಊರಿನಲ್ಲಿ ನಿಂತರೂ ರಿಪೇರಿ ಬಲ್ಲವರು ಸಿಗುತ್ತಾರೆ. ಆದರೆ ಅತ್ತೆ ಹತ್ತಲು ಮಣೆ ಇಡಬೇಕಾಯಿತು, ಹಿಂದಿನ ಪಟ್ಟಿ ಸ್ಪ್ರಿಂಗಿನ ಕುಲುಕಾಟಕ್ಕೆ ಮಗಳು ಆನಂದಪುರ ಮುಟ್ಟುವ ಮೊದಲೇ ವಾಂತಿ ಮಾಡಿಕೊಂಡಳು. ವಿಷಯ ಅಲ್ಲಿಗೆ ಮುಗಿಯಿತು.

ನಿಜವಾದ ಪೈಪೋಟಿ ಮಾರುತಿಯವೇ ಆದ ಎರ್ಟಿಗಾ ಮತ್ತು ಈಕೋ ವ್ಯಾನಿನ ನಡುವೆ. ಮೈದುನನ 2016ರ ಡೀಸೆಲ್ ಎರ್ಟಿಗಾ ಒಂದು ವಾರ ನಮ್ಮಲ್ಲಿತ್ತು. ಕಾರಿನಂಥ ಓಟ, ತಣ್ಣಗಿನ ಎಸಿ, ಹಗುರ ಸ್ಟೇರಿಂಗ್. ಮೂರನೇ ಸಾಲಿನ ಸೀಟನ್ನು ಮಡಚದೆ ಬಿಟ್ಟರೆ ಹಿಂದೆ ಉಳಿಯುವುದು 135 ಲೀಟರ್ ಜಾಗ, ಮೂರು ಕ್ರೇಟು ಇಟ್ಟರೆ ಬಾಗಿಲು ಹಾಕಲು ಹೊಟ್ಟೆ ಕೊಟ್ಟು ನೂಕಬೇಕು. ಆ ಸಾಲು ಮಡಚಿದರೆ ಒಂಬತ್ತು. ಲೀಟರಿಗೆ 18 ಕಿಲೋಮೀಟರ್ ಕೊಟ್ಟಿತು. ನಮ್ಮೂರಿಂದ ಶಿವಮೊಗ್ಗಕ್ಕೆ ಹೋಗಿ ಬರಲು 150 ಕಿಲೋಮೀಟರ್ ಹತ್ತಿರ. ಹದಿಮೂರರ ಆಸುಪಾಸು ಕೊಡುವ ಪೆಟ್ರೋಲ್ ಈಕೋಗೆ ಹೋಲಿಸಿದರೆ ಒಂದು ಓಡಾಟಕ್ಕೆ ಮುನ್ನೂರೈವತ್ತು ರೂಪಾಯಿಯ ಮೇಲೆ ಉಳಿತಾಯ, ವರ್ಷಕ್ಕೆ ಸುಮಾರು 35,000. ಯಜಮಾನರು ಈ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು. ನಾನು ಅದರ ಕೆಳಗೆ, ಎರ್ಟಿಗಾಕ್ಕೆ ಎರಡು ಲಕ್ಷ ಹೆಚ್ಚು ಕೊಡಬೇಕು, ಆ ಉಳಿತಾಯ ಕೈಗೆ ಬರಲು ಐದಾರು ವರ್ಷ ಬೇಕು ಎಂದು ಬರೆದೆ.

ಗುರುವಾರ ರಾತ್ರಿ ಮಳೆ ಹೊಯ್ದಿತು. ಮನೆಯಿಂದ ಟಾರು ರಸ್ತೆಗೆ ನೂರು ಮಾರು ಮಣ್ಣಿನ ಏರು. ಬೆಳಿಗ್ಗೆ ಒಂಬತ್ತು ಕ್ರೇಟು ಹೇರಿದ ಎರ್ಟಿಗಾ ಅರ್ಧ ಏರಿ ನಿಂತಿತು. ಎಳೆಯುವ ಚಕ್ರ ಮುಂದೆ, ಭಾರವೆಲ್ಲ ಹಿಂದೆ. ಮುಂದಿನ ಚಕ್ರಗಳು ಸುಯ್ಯೆಂದು ತಿರುಗಿ ಕೆಂಪು ಕೆಸರನ್ನು ಅಡಿಕೆ ಮರಗಳಿಗೆ ಎರಚಿದವು. ಕಡೆಗೆ ಆರು ಕ್ರೇಟು ಇಳಿಸಿ, ಗಾಡಿಯನ್ನು ಮೇಲೆ ಹತ್ತಿಸಿ, ಕ್ರೇಟುಗಳನ್ನು ಒಂದೊಂದಾಗಿ ಹೊತ್ತು ತಂದೆವು. ಭರಣಿಯಿಂದ ಬಾಟಲಿಗೆ ತುಂಬುವ ಕೆಲಸಕ್ಕಿಂತ ಅದೇ ದೊಡ್ಡದಾಯಿತು.

ಬೇಕರಿ ನಡೆಸುವ ಪರಿಚಯದವರ ಈಕೋ ಹತ್ತು ದಿನ ಸಿಕ್ಕಿತ್ತು. ಐದು ಸೀಟಿನದು. ಹಿಂದೆ ಕಂಪನಿ ಹೇಳುವ ಲೆಕ್ಕಕ್ಕೆ 540 ಲೀಟರ್, ಹನ್ನೆರಡು ಕ್ರೇಟು ಹಿಡಿದು ಮೇಲೆ ಹಪ್ಪಳದ ಚೀಲಕ್ಕೂ ಜಾಗ ಉಳಿಯಿತು. ಎಳೆಯುವುದು ಹಿಂದಿನ ಚಕ್ರ. ಭಾರ ಹಾಕಿದಷ್ಟೂ ಅದು ಮಣ್ಣನ್ನು ಕಚ್ಚುತ್ತದೆ. ಅದೇ ಏರನ್ನು ಗೊಣಗುತ್ತಲೇ ಹತ್ತಿತು. ಇಡೀ ಗಾಡಿಯ ಉದ್ದ 3.7 ಮೀಟರಿಗೂ ಕಡಿಮೆ, ಗಾಂಧಿ ಬಜಾರಿನ ಅಂಗಡಿಯೆದುರು ನಿಲ್ಲಿಸಲು ಜಗಳವಿಲ್ಲ.

ಹೊಗಳಿಕೆ ಅಲ್ಲಿಗೆ ಸಾಕು. ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ; ಬೇಸಿಗೆಯಲ್ಲಿ ಒಂದು ಗಂಟೆ ಓಡಿಸಿದರೆ ದೋಸೆಕಲ್ಲಿನ ಮೇಲೆ ಕೂತ ಹಾಗಾಗುತ್ತದೆ. ಪವರ್ ಸ್ಟೇರಿಂಗ್ ಇಲ್ಲ, ಮೊದಲ ವಾರ ನನ್ನ ರಟ್ಟೆ ನೋಯುತ್ತಿತ್ತು. ಸುರಕ್ಷತೆಯ ವಿಷಯ ಇನ್ನೂ ಗಂಭೀರ. 2016ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋಗೆ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಎರ್ಟಿಗಾದ ಎರಡನೇ ತಲೆಮಾರಿನ ಗಾಡಿ 2019ರಲ್ಲಿ ಮೂರು ಪಡೆಯಿತು. ಮಕ್ಕಳನ್ನು ಕೂರಿಸಿಕೊಂಡು ಇದನ್ನು ಮರೆಯಲು ಬರುವುದಿಲ್ಲ. ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ, ಅದಕ್ಕಿಂತ ಹಳೆಯ ಈಕೋ ಪುಕ್ಕಟೆ ಕೊಟ್ಟರೂ ಬೇಡವೆಂದು ಆಗಲೇ ನಿರ್ಧರಿಸಿದೆ. ಸಿಎನ್‌ಜಿಯದ್ದೂ ಬೇಡ, ಸಿಲಿಂಡರ್ ಬಂದು ಕೂರುವುದು ನಮ್ಮ ಕ್ರೇಟಿನ ಜಾಗದಲ್ಲೇ.

ಯಜಮಾನರಿಗೆ ಉಳಿದಿದ್ದ ವಾದ ಒಂದೇ: “ಬೆಂಗಳೂರಿನ ಮದುವೆಗೆ ಈಕೋದಲ್ಲಿ ಹೋಗಲಾಗುತ್ತದೆಯೇ?” ನಾಲ್ಕು ವರ್ಷದಲ್ಲಿ ನಾವು ಬೆಂಗಳೂರಿಗೆ ಎಷ್ಟು ಸಲ ಹೋಗಿದ್ದೇವೆಂದು ಎಣಿಸಿದೆವು. ಆರು ಸಲ, ಆರೂ ಸಲ ತಾಳಗುಪ್ಪದ ರೈಲಿನಲ್ಲಿ.

ಕರಾವಳಿ ಕಡೆಯ ಒಂದು ಈಕೋ ನೋಡಿದೆವು, ಮೇಲಿನ ಬಣ್ಣ ಕನ್ನಡಿಯಂತಿತ್ತು. ಎಳೆಯುವ ಬಾಗಿಲಿನ ಹಳಿಗೆ ಹೆಬ್ಬೆರಳು ಒತ್ತಿದರೆ ತುಕ್ಕು ಚಕ್ಕೆಚಕ್ಕೆಯಾಗಿ ಅಂಗೈಗೆ ಬಂತು. ಕೊನೆಗೆ ಒಬ್ಬ ನಿವೃತ್ತ ಮೇಷ್ಟರ 2020ರ ಗಾಡಿ ಸಿಕ್ಕಿತು; 38,000 ಕಿಲೋಮೀಟರ್ ಓಡಿತ್ತು, ಪ್ರತಿ ಸರ್ವೀಸಿನ ರಸೀದಿಯನ್ನು ಅವರು ಫೈಲಿಗೆ ಹಾಕಿಟ್ಟಿದ್ದರು. ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳುವ ಫಾರ್ಮ್ 29, 30ಕ್ಕೆ ಸಹಿ ಆಯಿತು, ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಪಡೆದೆವು, ಹದಿನಾಲ್ಕು ದಿನದೊಳಗೆ ವಿಮೆ ನಮ್ಮ ಹೆಸರಿಗೆ ಬಂತು. ಊರಿನವರು ಈಗ “ನಮ್ಮದೂ ಎರಡು ಮೂಟೆ ಹಾಕಿಕೊಂಡು ಹೋಗಿ, ಬಾಡಿಗೆ ಕೊಡುತ್ತೇವೆ” ಎನ್ನುತ್ತಾರೆ. ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆಯುವಂತಿಲ್ಲ, ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೇ ಅದನ್ನು. ಮೂಟೆ ಒಯ್ಯುತ್ತೇನೆ, ದುಡ್ಡು ಮುಟ್ಟುವುದಿಲ್ಲ.

ಅತ್ತೆಗೆ ಈ ಗಾಡಿ ಹಿಡಿಸಿದೆ. ಮಣೆ ಬೇಡ, ಯಾರ ಹೆಗಲೂ ಬೇಡ. ಕಾಲೆತ್ತಿ ಒಳಗಿಟ್ಟು ಕೂತುಬಿಡುತ್ತಾರೆ. ಬಾಗಿಲನ್ನು ಮಾತ್ರ ಬೇರೆಯವರು ಮುಟ್ಟುವಂತಿಲ್ಲ, “ನಾನೇ ಎಳೆದುಕೊಳ್ಳುತ್ತೇನೆ” ಎನ್ನುತ್ತಾರೆ. ಅವರು ಎಳೆದದ್ದು ಎಂದೂ ಪೂರ್ತಿ ಕೂತಿಲ್ಲ. ಮೊದಲ ತಿರುವಿನಲ್ಲೇ ಗಾಡಿ ನಿಲ್ಲಿಸಿ, ಅವರಿಗೆ ಬೇಸರವಾಗದಂತೆ ಟೈರು ನೋಡುವ ನೆಪ ಮಾಡಿ ಇಳಿದು, ಬಾಗಿಲನ್ನು ಇನ್ನೊಮ್ಮೆ ಜೋರಾಗಿ ಹಾಕಿ ಬರುತ್ತೇನೆ.